ಗಣಕದ ಗಂಟೆ ಸೆಕೆಂಡಿಗೆ ಎಷ್ಟು ಸಲ?

ಶಾಲೆಯಲ್ಲಿ ಪೀರಿಯಡ್ ಮುಗಿದಾಗ ಗಂಟೆ ಬಾರಿಸುತ್ತಾರಲ್ಲವೆ? ಗಣಕದೊಳಗೂ ಇಂಥದೊಂದು ಗಂಟೆಯಿದೆ. ಟೈಮರ್ ನಿಗದಿತ ಅವಧಿಗೊಮ್ಮೆ ಪ್ರೊಸೆಸರಿನ ಕೆಲಸವನ್ನು ತಡೆದು ಆಪರೇಟಿಂಗ್ ಸಿಸ್ಟಮನ್ನು ಎಚ್ಚರಿಸುತ್ತದೆ. ಓಡುತ್ತಿರುವ ಪ್ರೋಗ್ರಾಮಿನ ಸರದಿ ಮುಗಿಯಿತೇ ಎಂದು ಅದು ನೋಡುವುದು ಆಗಲೇ. ಇದು ಟೈಮರ್ ಇಂಟರಪ್ಟ್.

‘ಗಂಟೆ ಹೆಚ್ಚು ಸಲ ಬಾರಿಸಿದರೆ ಗಣಕ ವೇಗವಾಗುತ್ತದೆ’ ಎಂಬ ಮಾತನ್ನು ನೀವು ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ. ಲಿನಕ್ಸ್‌ನ ಕಥೆಯನ್ನೇ ನೋಡಿ. ಇಂಟೆಲ್ ಮಾದರಿಯ ಪಿಸಿಗಳಲ್ಲಿ ಅದರ ಗಂಟೆ ಮೊದಲು ಸೆಕೆಂಡಿಗೆ 100 ಸಲ ಬಾರಿಸುತ್ತಿತ್ತು. 2003ರಲ್ಲಿ ಬಂದ 2.6 ಆವೃತ್ತಿ ಅದನ್ನು 1000ಕ್ಕೆ ಏರಿಸಿತು. 10 ಮಿಲಿಸೆಕೆಂಡಿನ ಅಂತರ 1 ಮಿಲಿಸೆಕೆಂಡಿಗೆ ಇಳಿದು, ಕಾಯುತ್ತಿರುವ ಪ್ರೋಗ್ರಾಮಿಗೆ ಬೇಗ ಸರದಿ ಸಿಗುವಂತಾಯಿತು. ಇದು ಚುರುಕುತನ, ಒಟ್ಟು ಕೆಲಸದ ವೇಗವಲ್ಲ. ಒಂದು ಇಂಟರಪ್ಟ್‌ಗೆ 5 ಮೈಕ್ರೊಸೆಕೆಂಡ್ ಬೇಕೆಂದು ಭಾವಿಸಿ ಲೆಕ್ಕ ಹಾಕಿ: 100 ಸಲಕ್ಕೆ ಶೇ. 0.05ರಷ್ಟು ಸಮಯ ವ್ಯಯ, 1000 ಸಲಕ್ಕೆ ಶೇ. 0.5. ಇದಕ್ಕಿಂತ ದೊಡ್ಡ ನಷ್ಟ ಲ್ಯಾಪ್‌ಟಾಪಿನದು. ಕೆಲಸವಿಲ್ಲದಿದ್ದರೂ ಅದರ ಪ್ರೊಸೆಸರ್ ಸೆಕೆಂಡಿಗೆ 1000 ಸಲ ಎದ್ದು ಬ್ಯಾಟರಿಯನ್ನು ಕರಗಿಸುತ್ತಿತ್ತು.

2005ರ 2.6.13 ಆವೃತ್ತಿ 100, 250, 1000ರಲ್ಲಿ ಒಂದನ್ನು ಆರಿಸಲು ಬಿಟ್ಟು, ತಾನಾಗಿ 250ನ್ನು ಹಿಡಿಯಿತು. ನನ್ನ ಆಕ್ಷೇಪ ಇಲ್ಲಿದೆ. ಇದು ವಿಜ್ಞಾನಕ್ಕಿಂತ ರಾಜಿ. ಸೆಕೆಂಡಿಗೆ 30 ಚಿತ್ರಗಳ ವಿಡಿಯೊಗೆ 250 ನಿಶ್ಶೇಷವಾಗಿ ಭಾಗವಾಗುವುದೂ ಇಲ್ಲ. 25 ಮತ್ತು 30 ಎರಡಕ್ಕೂ ಹೊಂದುವ 300 ಆಮೇಲೆ ಸೇರಿತು. ಯಾವ ಅಂಕಿಯಾದರೂ ಸರ್ವರ್, ಸಂಗೀತದ ಗಣಕ, ಲ್ಯಾಪ್‌ಟಾಪ್ ಮೂರಕ್ಕೂ ಹಿತವಾಗದು.

ನಿಜವಾದ ಪರಿಹಾರ ಪ್ರಶ್ನೆಯನ್ನೇ ಬದಲಿಸಿದಾಗ ಬಂತು. ಮಕ್ಕಳಿಲ್ಲದ ರಾತ್ರಿ ಶಾಲೆಯ ಗಂಟೆ ಏಕೆ ಬಾರಿಸಬೇಕು? 2007ರ 2.6.21 ಆವೃತ್ತಿ, ಪ್ರೊಸೆಸರ್ ಬಿಡುವಾಗಿದ್ದಾಗ ಗಂಟೆಯನ್ನೇ ನಿಲ್ಲಿಸುವ ವ್ಯವಸ್ಥೆ ತಂದಿತು. ಸೂಕ್ಷ್ಮ ಕಾಲಮಾಪನಕ್ಕೆ ಬೇರೆ ಟೈಮರ್ ವ್ಯವಸ್ಥೆಯನ್ನೂ ಒದಗಿಸಿತು. ಹೀಗೆ ಬ್ಯಾಟರಿಯ ಆಕ್ಷೇಪ ದುರ್ಬಲವಾಯಿತು. 2024ರಲ್ಲಿ ಉಬುಂಟು 24.10 ಮತ್ತೆ 1000ಕ್ಕೆ ಏರಿದ್ದು ಚುರುಕುತನಕ್ಕಾಗಿಯೇ.

ಆದ್ದರಿಂದ ಯಾರೋ ಹೇಳಿದ ಅಂಕಿಯನ್ನು ನಂಬಬೇಡಿ, ಅಳೆದು ನೋಡಿ. ಲಿನಕ್ಸ್‌ನ ‘ಪ್ರಾಕ್’ ಕೋಶದಲ್ಲಿ ‘ಇಂಟರಪ್ಟ್ಸ್’ ಎಂಬ ಕಡತವಿದೆ. ಅದರಲ್ಲಿ ಲೋಕಲ್ ಟೈಮರ್ ಸಾಲನ್ನು 10 ಸೆಕೆಂಡಿನ ಅಂತರದಲ್ಲಿ ಎರಡು ಸಲ ಓದಿ, ವ್ಯತ್ಯಾಸ ಬರೆದಿಡಿ. ಗಣಕ ಬಿಡುವಾಗಿದ್ದಾಗ ಒಮ್ಮೆ, ದೊಡ್ಡ ಲೆಕ್ಕ ಓಡುವಾಗ ಇನ್ನೊಮ್ಮೆ ಹೀಗೆ ಮಾಡಿ. ಗಂಟೆ ಯಾವಾಗ ಬೇಕು, ಯಾವಾಗ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.