ಉದ್ದವಾದ ಗಜಕೋಲು

ಸ್ಪೀಡೋಮೀಟರಿಗೆ ಗೊತ್ತಿರುವುದು ಸುತ್ತುಗಳ ಲೆಕ್ಕವೊಂದೇ. ಚಕ್ರ, ಅಥವಾ ಚಕ್ರಕ್ಕೆ ಶಕ್ತಿ ಒಯ್ಯುವ ಗೇರ್‌ಬಾಕ್ಸಿನ ಶಾಫ್ಟು, ನಿಮಿಷಕ್ಕೆ ಎಷ್ಟು ಸಲ ತಿರುಗಿತು ಎಂಬುದನ್ನು ಎಣಿಸಿ, ಒಂದು ಸುತ್ತಿಗೆ ಗಾಡಿ ಇಷ್ಟು ದೂರ ಹೋಗುತ್ತದೆ ಎಂದು ಕಾರ್ಖಾನೆಯಲ್ಲಿ ಗೊತ್ತುಪಡಿಸಿದ ಅಂಕಿಯಿಂದ ಗುಣಿಸಿ, ಬಂದ ಫಲವನ್ನು ಅದು ಮುಳ್ಳಿನ ಮೂಲಕ ವೇಗವೆಂದು ತೋರಿಸುತ್ತದೆ. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಗಜಕೋಲನ್ನು ಯಾರೋ ಎರಡು ಬೆರಳು ಉದ್ದ ಮಾಡಿಟ್ಟಿರಲು, ಅಳೆಯುವವನು ಅದನ್ನರಿಯದೆ ಹಳೆಯ ಗಜವೆಂದೇ ಎಣಿಸುತ್ತ ಹೋದರೆ, ಅರಿವೆ ಹೆಚ್ಚು ಹೋಗುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ದೊಡ್ಡ ಟೈರು ಹಾಕಿದ ಗಾಡಿಯಲ್ಲಿ ಆಗುವುದೂ ಇದೇ.

ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ದೊಡ್ಡ ಟೈರಿನ ಆಸೆಗೆ ಕಾರಣವಿಲ್ಲದೆ ಇಲ್ಲ. ಮಳೆ ಬಿದ್ದ ಎರೆಮಣ್ಣಿನ ಹೊಲದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಕೊರೆದ ಗಾಲಿಜಾಡುಗಳ ನಡುವೆ, ಗಾಡಿಯ ಹೊಟ್ಟೆ ನೆಲಕ್ಕೆ ತಾಗುವುದು ಸಾಮಾನ್ಯ. ಉದಾಹರಣೆಗೆ ಬೊಲೆರೊ ಗಾಡಿಯ ಟೈರಿನ ಪಕ್ಕೆಯ ಮೇಲೆ 215/75 ಆರ್ 15 ಎಂಬ ಬರಹವಿರುತ್ತದೆ. ಇದರಲ್ಲಿ 215 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 75 ಎಂಬುದು ಆ ಅಗಲದ ನೂರಕ್ಕೆ ಎಪ್ಪತ್ತೈದರಷ್ಟು ಪಕ್ಕೆಯ ಎತ್ತರ. ‘ಆರ್’ ಎಂದರೆ ರೇಡಿಯಲ್, ಅಂದರೆ ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹಾಯ್ದ ಕಟ್ಟು. 15 ಎಂಬುದು ಇಂಚಿನಲ್ಲಿ ಡಿಸ್ಕಿನ ವ್ಯಾಸ. ಲೆಕ್ಕ ಮಾಡಿದರೆ ಟೈರಿನ ಒಟ್ಟು ವ್ಯಾಸ 703.5 ಮಿ.ಮೀ. ಆಗುತ್ತದೆ. ಅದೇ ಡಿಸ್ಕಿಗೆ 235/75 ಟೈರು ಏರಿಸಿದರೆ ವ್ಯಾಸ 733.5 ಮಿ.ಮೀ.ಗೆ ಹೋಗುತ್ತದೆ; ಅಂದರೆ ಒಂದು ಸುತ್ತಿಗೆ ಗಾಡಿ ಮೊದಲಿಗಿಂತ ಶೇ. 4.3ರಷ್ಟು ಹೆಚ್ಚು ನೆಲ ನುಂಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಗಾಡಿ ಮೇಲೇಳುವುದು ಮಾತ್ರ ಆ 30 ಮಿ.ಮೀ.ನ ಅರ್ಧ, ಹದಿನೈದು ಮಿಲಿಮೀಟರು, ಹೆಚ್ಚುಕಡಿಮೆ ಒಂದು ಬೆರಳಿನ ಅಗಲ.

ಇದಕ್ಕೆ ಸವಕಳಿಯ ಲೆಕ್ಕವೂ ಸೇರುತ್ತದೆ. ಹೊಸದಿದ್ದಾಗ ಎಂಟು ಮಿ.ಮೀ. ಆಳವಿದ್ದ ಟೈರಿನ ಹೂವಿನ ಕೊರೆತಗಳು 1.6 ಮಿ.ಮೀ.ಗೆ ಬರುವಷ್ಟರಲ್ಲಿ ವ್ಯಾಸ 12.8 ಮಿ.ಮೀ. ಇಳಿದಿರುತ್ತದೆ. ಹಾಗೆ ಸವೆದ ಹಳೆಯ ಟೈರು ಬಿಚ್ಚಿ ಹೊಸ ದೊಡ್ಡ ಟೈರು ಹಾಕಿದವನಿಗೆ ಒಂದೇ ದಿನದಲ್ಲಿ ಕಾಣುವ ವ್ಯತ್ಯಾಸ ನಾಲ್ಕಲ್ಲ, ಶೇ. 6ಕ್ಕೂ ಮೀರಿದ್ದು.

ಇಲ್ಲಿಂದ ಮುಂದಿನ ತೀರ್ಮಾನಕ್ಕೆ ಬರುವಾಗ ಹೆಚ್ಚಿನವರು ಎಡವುತ್ತಾರೆ. ಮೀಟರು ಮೊದಲು ನಿಜ ಹೇಳುತ್ತಿತ್ತು, ಈಗ ಸುಳ್ಳು ಹೇಳುತ್ತಿದೆ ಎಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಮುಳ್ಳು ಮೊದಲಿನಿಂದಲೂ ತುಸು ಉಬ್ಬಿಸಿಯೇ ಹೇಳುತ್ತಿತ್ತು, ಮತ್ತು ಅದು ಹಾಗೆ ಹೇಳಲು ನಿಯಮದಲ್ಲೇ ಅವಕಾಶವಿದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ 39ನೆಯದು ಸ್ಪೀಡೋಮೀಟರಿಗೆ ಸಂಬಂಧಿಸಿದ್ದು. ಅದರ ಪ್ರಕಾರ ಮುಳ್ಳು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ಇರಕೂಡದು, ಹೆಚ್ಚಿದ್ದರೆ ನಿಜವೇಗದ ಹತ್ತನೆಯ ಒಂದು ಭಾಗಕ್ಕೆ ನಾಲ್ಕು ಕಿ.ಮೀ. ಸೇರಿಸಿದಷ್ಟರೊಳಗೆ ಇರಬೇಕು. ಗಾಡಿ 80ರಲ್ಲಿ ಓಡುತ್ತಿರುವಾಗ ಮುಳ್ಳು 92ರವರೆಗೆ ತೋರಿದರೂ ಅದು ಈ ಮಿತಿಯೊಳಗೇ ಇರುತ್ತದೆ. ಆದ್ದರಿಂದ ತಯಾರಕರು ಮುಳ್ಳನ್ನು ಉದ್ದೇಶಪೂರ್ವಕವಾಗಿಯೇ ಕೆಲವು ಅಂಕಿ ಮುಂದಿಡುತ್ತಾರೆ. ನಿಜವಾದ 80ಕ್ಕೆ 84 ತೋರಿಸುತ್ತಿದ್ದ ಮೀಟರಿನ ಗಾಡಿಗೆ ಮೇಲಿನ ದೊಡ್ಡ ಟೈರು ಹಾಕಿದರೆ, ಮುಳ್ಳು 84ಕ್ಕೆ ನಿಂತಾಗ ನಿಜವೇಗ 83.4 ಆಗಿರುತ್ತದೆ. ಟೈರು ಬದಲಾದ ಮೇಲೆ ಆ ಮುಳ್ಳು ಜೀವಮಾನದಲ್ಲೇ ಮೊದಲ ಸಲ ಸತ್ಯಕ್ಕೆ ಇಷ್ಟು ಹತ್ತಿರ ಬಂದಿದೆ.

ಕೆಡುವುದು ಓಡೋಮೀಟರ್, ಅಂದರೆ ಓಡಿದ ಕಿಲೋಮೀಟರುಗಳನ್ನು ಕೂಡಿಸುತ್ತ ಹೋಗುವ ಅಂಕಿಪಟ್ಟಿ. ಮುಳ್ಳಿಗೆ ಸೇರಿಸಿದ ಉಬ್ಬರವನ್ನು ಸಾಮಾನ್ಯವಾಗಿ ಇದಕ್ಕೆ ಸೇರಿಸಿರುವುದಿಲ್ಲವಾದ್ದರಿಂದ, ಮೊದಲು ಸರಿಯಾಗಿದ್ದ ಎಣಿಕೆ ಈಗ ನೂರಕ್ಕೆ ನಾಲ್ಕರಷ್ಟು ಹಿಂದೆ ಬೀಳುತ್ತದೆ. ದೊಡ್ಡ ಟೈರು ಹಾಕಿಸಿದ ಮೇಲೆ ‘ಗಾಡಿ ಎಣ್ಣಿ ಭಾಳ ಕುಡಿಯಾಕತ್ತೈತಿ’ ಎಂಬ ದೂರಿನಲ್ಲಿ ಒಂದು ಪಾಲು ಈ ಎಣಿಕೆಯದು. ಟ್ಯಾಂಕು ತುಂಬಿಸಿ ಮತ್ತೆ ತುಂಬಿಸುವವರೆಗೆ ಮೀಟರು 400 ಕಿ.ಮೀ. ತೋರಿ 30 ಲೀಟರು ಹಿಡಿದರೆ ಮೈಲೇಜು 13.3 ಎಂದು ಕಾಣುತ್ತದೆ. ನಿಜವಾಗಿ ಓಡಿದ್ದು 417 ಕಿ.ಮೀ., ಮೈಲೇಜು 13.9. ಉಳಿದ ಪಾಲು ಭಾರವಾದ ಟೈರಿನದು, ಅದನ್ನು ಯಾವ ಮೀಟರ್ ರಿಪೇರಿಯೂ ವಾಪಸು ಕೊಡದು.

ಹೀಗಿರುವುದರಿಂದ ತಿದ್ದುವ ಮೊದಲು ಅಳೆಯಬೇಕು. ಮೊಬೈಲಿನ ಜಿಪಿಎಸ್ ಸಾಕಾಗುತ್ತದೆ, ಆದರೆ ಅದರ ಅಂಕಿ ಕ್ಷಣಕಾಲ ಹಿಂದೆ ಬರುವುದರಿಂದ ಏರಿಳಿತವಿಲ್ಲದ ನೇರ ರಸ್ತೆಯಲ್ಲಿ ಮುಳ್ಳನ್ನು ಒಂದೇ ಕಡೆ ಹಿಡಿದು ನೋಡಬೇಕು. ಅದಕ್ಕಿಂತ ಹಳೆಯದೂ ರುಚಿಕಟ್ಟೂ ಆದ ವಿಧಾನ ಕಿಲೋಮೀಟರ್ ಕಲ್ಲಿನದು. ಮುಳ್ಳನ್ನು 60ಕ್ಕೆ ನಿಲ್ಲಿಸಿ ಓಡಿಸುತ್ತಿರಲು, ಪಕ್ಕದಲ್ಲಿ ಕುಳಿತವರು ಕಲ್ಲಿನಿಂದ ಕಲ್ಲಿಗೆ ಸಮಯ ಹಿಡಿಯಬೇಕು. ಅರವತ್ತು ಸೆಕೆಂಡು ಬಂದರೆ ಮುಳ್ಳು ನಿಜ, 57.5 ಸೆಕೆಂಡು ಬಂದರೆ ಗಾಡಿ 62.6ರಲ್ಲಿ ಓಡುತ್ತಿದೆ. ಕಲ್ಲುಗಳನ್ನು ನೆಡುವಾಗಲೂ ಅಷ್ಟಿಷ್ಟು ಹಿಂದುಮುಂದಾಗಿರುವುದರಿಂದ ಒಂದೇ ಕಲ್ಲನ್ನು ನಂಬದೆ ಹತ್ತು ಕಲ್ಲುಗಳ ಮೊತ್ತ ಹಿಡಿಯುವುದು ಲೇಸು, ಮತ್ತು ಅದೇ ಓಟದಲ್ಲಿ ಓಡೋಮೀಟರ್ ಹತ್ತಕ್ಕೆ ಎಷ್ಟು ತೋರಿತೆಂಬುದನ್ನೂ ಬರೆದುಕೊಳ್ಳಬೇಕು.

ತಿದ್ದುವ ಬಗೆ ಗಾಡಿಯ ವಯಸ್ಸಿನ ಮೇಲೆ ನಿಂತಿದೆ. ಹಳೆಯ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿಗೆ ಒಂದು ಕೇಬಲ್ ಬರುತ್ತದೆ. ಅದರ ತುದಿಯಲ್ಲಿ ತಿರುಗುವ ಅಯಸ್ಕಾಂತ, ತನ್ನನ್ನು ಮುಟ್ಟದೆಯೇ ಸುತ್ತ ನಿಂತ ಅಲ್ಯುಮಿನಿಯಂ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳನ್ನು ಎಬ್ಬಿಸಿ, ಕೂದಲೆಳೆಯಂಥ ಸ್ಪ್ರಿಂಗಿನ ವಿರುದ್ಧ ಆ ಬಟ್ಟಲನ್ನೂ ಅದಕ್ಕಂಟಿದ ಮುಳ್ಳನ್ನೂ ಎಳೆಯುತ್ತದೆ. ಜರ್ಮನಿಯ ಓಟೊ ಶುಲ್ಝೆ 1902ರಲ್ಲಿ ಪೇಟೆಂಟು ಪಡೆದ ಈ ಉಪಾಯ ಎಂಟು ದಶಕಗಳಿಗೂ ಹೆಚ್ಚು ಕಾಲ ಜಗತ್ತಿನ ರಸ್ತೆಗಳಲ್ಲಿ ನಡೆಯಿತು. ಇಲ್ಲಿ ಕೆಲವರು ಮೀಟರು ಬಿಚ್ಚಿ ಸ್ಪ್ರಿಂಗನ್ನೋ ಮುಳ್ಳನ್ನೋ ತಿರುಗಿಸಿ ಕೊಡುತ್ತಾರೆ. ಅದು ತಪ್ಪು ಕೆಲಸ. ಮುಳ್ಳು ಸರಿದೀತು, ಗಾಲಿಯಂತೆ ಹಲ್ಲುಗಳ ಮೇಲೆ ನಡೆಯುವ ಓಡೋಮೀಟರ್ ಇದ್ದಲ್ಲೇ ಇರುತ್ತದೆ. ಸರಿಯಾದ ಜಾಗ ಕೇಬಲ್ಲಿನ ಬುಡದಲ್ಲಿರುವ ಚಿಕ್ಕ ಹಲ್ಲಿನ ಚಕ್ರ, ಅಂದರೆ ಪಿನಿಯನ್. ಅದರಲ್ಲಿ 24 ಹಲ್ಲುಗಳಿದ್ದರೆ 23 ಹಲ್ಲಿನದನ್ನು ಕೂರಿಸಿದಾಗ ಕೇಬಲ್ ಶೇ. 4.3ರಷ್ಟು ಬೇಗ ತಿರುಗಿ, ಮುಳ್ಳು ಮತ್ತು ಎಣಿಕೆ ಎರಡೂ ಒಟ್ಟಿಗೆ ತಮ್ಮ ಮೊದಲಿನ ಸ್ಥಾನಕ್ಕೆ ಬರುತ್ತವೆ. ಎಲ್ಲ ಗಾಡಿಗೂ ಇಂಥ ಪಿನಿಯನ್ ಸಿಗುವುದಿಲ್ಲ ಎಂಬುದು ಬೇರೆ ಮಾತು.

ಹೊಸ ಗಾಡಿಗಳಲ್ಲಿ ಕೇಬಲ್ಲಿನ ಜಾಗದಲ್ಲಿ ಸೆನ್ಸರ್ ಇದೆ. ಚಕ್ರ ತಿರುಗಿದಂತೆ ಅದು ವಿದ್ಯುತ್ ಮಿಡಿತಗಳನ್ನು ಕಳಿಸುತ್ತದೆ. ಕೆಲವು ಗಾಡಿಗಳ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ ಟೈರಿನ ಹೊಸ ಅಳತೆಯನ್ನು ಬರೆಯಬಹುದು. ಅದಾಗದಿದ್ದಲ್ಲಿ ಸೆನ್ಸರಿಗೂ ಮೀಟರಿಗೂ ನಡುವೆ ಮಿಡಿತಗಳನ್ನು ಬೇಕಾದ ಪ್ರಮಾಣದಲ್ಲಿ ಹೆಚ್ಚಿಸುವ ಸಣ್ಣ ಪೆಟ್ಟಿಗೆ ಕೂರಿಸುವುದುಂಟು; ಆದರೆ ಅದೇ ತಂತಿಯಿಂದ ಎಬಿಎಸ್ ಬ್ರೇಕಿಗೂ ಸುದ್ದಿ ಹೋಗುತ್ತಿದ್ದರೆ ಅದಕ್ಕೆ ಕೈ ಹಾಕದಿರುವುದೇ ಜಾಣತನ.

ಬೈಕಿನವರು ಈ ಯಾವ ತಲೆಬಿಸಿಗೂ ಹೋಗಬೇಕಿಲ್ಲದ ಸಂದರ್ಭ ಹೆಚ್ಚು. ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಮೀಟರ್ ಕೇಬಲ್ ಮುಂದಿನ ಗಾಲಿಯಿಂದ ಹೊರಡುತ್ತದೆ. ಹಿಂದಿನ ಟೈರನ್ನು ಎಷ್ಟು ದಪ್ಪ ಮಾಡಿದರೂ ಮೀಟರಿಗೆ ಅದರ ಸುದ್ದಿಯೇ ತಲುಪದು. ಟ್ರ್ಯಾಕ್ಟರಿನ ಅವರ್ ಮೀಟರಂತೂ ಎಂಜಿನ್ನಿನ ಲೆಕ್ಕ ಹಿಡಿಯುವಂಥದ್ದು, ಹಿಂದೆ 13.6-28 ಬಿಚ್ಚಿ 14.9-28 ಹಾಕಿದರೂ ಗಂಟೆಗಳು ಬದಲಾಗುವುದಿಲ್ಲ.

ಕೆಎ 48 ಫಲಕದ ಗಾಡಿಯಾದರೂ ಬೇರೆಯದಾದರೂ ಕಾನೂನು ಒಂದೇ: ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೆಯ ನಿಯಮ ಸ್ಪೀಡೋಮೀಟರನ್ನು ಕಡ್ಡಾಯ ಮಾಡಿದೆ, ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ಮೂಲ ವಿವರಗಳಿಂದ ದೂರ ಹೋಗುವ ಮಾರ್ಪಾಡನ್ನು ತಡೆಯುತ್ತದೆ. ಕೈಪಿಡಿಯಲ್ಲಿ ಹೇಳಿದ ಅಳತೆಗಳಾಚೆಯ ಟೈರನ್ನು ಕೊಳ್ಳುವ ಮೊದಲೇ ಇದನ್ನು ವಿಚಾರಿಸಬೇಕು. ವ್ಯತ್ಯಾಸ ಶೇ. 3ರೊಳಗಿದ್ದು ಅಳೆದಾಗ ಮುಳ್ಳು ನಿಜಕ್ಕಿಂತ ಕಡಿಮೆ ತೋರದಿದ್ದರೆ ಮೀಟರನ್ನು ಹಾಗೇ ಬಿಡುವುದು ಒಳ್ಳೆಯದು. ಅದನ್ನು ಮೀರಿದರೆ ಪಿನಿಯನ್ ಅಥವಾ ಸ್ಕ್ಯಾನರಿನ ದಾರಿ ಹಿಡಿಯಬೇಕು. ಏನೂ ತಿದ್ದದೆ 235/75ರಲ್ಲೇ ಓಡಿಸುವವರು ಸರ್ವಿಸ್ ಪುಸ್ತಕದ ಮೇಲೆ ಒಂದು ಅಂಕಿ ಬರೆದಿಟ್ಟುಕೊಳ್ಳಲಿ: ಹತ್ತು ಸಾವಿರಕ್ಕೆ ಬದಲಿಸಬೇಕಾದ ಎಂಜಿನ್ ಆಯಿಲ್, ಮೀಟರು 9,590 ತೋರಿಸಿದಾಗಲೇ ತನ್ನ ಹತ್ತು ಸಾವಿರ ಮುಗಿಸಿರುತ್ತದೆ.