ಬ್ಯಾಂಡುಗಳ ಎಣಿಕೆಯೂ ಮಾಳಿಗೆಯ ತಂತಿಯೂ

ರೇಡಿಯೋ ಕೊಳ್ಳಲು ಹೊರಟವನು ನಮ್ಮ ಸೀಮೆಯಲ್ಲಿ ಮೊದಲು ಎಣಿಸುವುದು ಬ್ಯಾಂಡುಗಳನ್ನು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವ ರೈತನ ಗಾಂಭೀರ್ಯದಿಂದಲೇ ಆತನು ಡಬ್ಬಿಯ ಮುಖದ ಮೇಲೆ ಬೆರಳಿಟ್ಟು ಒಂದು, ಎರಡು ಎಂದು ಹನ್ನೆರಡರವರೆಗೆ ಎಣಿಸಿ ತೃಪ್ತನಾಗುತ್ತಾನೆ. ಎತ್ತಿನ ಹಲ್ಲು ಅದರ ವಯಸ್ಸನ್ನಾದರೂ ಹೇಳೀತು. ಬ್ಯಾಂಡುಗಳ ಸಂಖ್ಯೆಯಾದರೋ ಯಂತ್ರದ ಯೋಗ್ಯತೆಯ ವಿಷಯದಲ್ಲಿ ಏನನ್ನೂ ಹೇಳಲಾರದು. ಹ್ರಸ್ವತರಂಗದ ವಿಸ್ತಾರವನ್ನು ಹತ್ತು ತುಂಡು ಮಾಡಿ ಒಂದೊಂದಕ್ಕೂ ಒಂದು ಹೆಸರಿಟ್ಟರೆ ಮುಳ್ಳನ್ನು ನಿಲ್ಲಿಸುವುದು ಸುಲಭವಾಗುತ್ತದೆಯೇ ಹೊರತು ಕಿವಿಗೆ ಬೀಳುವ ಮಾತು ಅದರಿಂದ ತಿಳಿಯಾಗುವುದಿಲ್ಲ. ಆದರೂ ಈ ಎಣಿಕೆಯ ಪದ್ಧತಿ ಅಂಗಡಿಯವನಿಗೂ ಗಿರಾಕಿಗೂ ಸಮಾನವಾಗಿ ಅನುಕೂಲವಾಗಿರುವುದರಿಂದ ಅಳಿಯದೆ ಉಳಿದುಕೊಂಡು ಬಂದಿದೆ.

ಕಲ್ಮಲದಂತಹ ಊರಿನಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವುಂಟು. ರಾಯಚೂರಿನಿಂದ ಪಶ್ಚಿಮಕ್ಕೆ ಬಂದ ದಾರಿ ಇಲ್ಲಿ ಕವಲೊಡೆದು ಒಂದು ಲಿಂಗಸುಗೂರಿನ ಕಡೆಗೂ ಇನ್ನೊಂದು ಮಾನ್ವಿಯ ಕಡೆಗೂ ಹೋಗುವಂತೆ, ಬಾನುಲಿಯ ವಿಷಯದಲ್ಲಿಯೂ ಈ ನಾಡು ಬಹುಕಾಲ ಕವಲುದಾರಿಯಲ್ಲಿಯೇ ನಿಂತಿದ್ದಿತು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಪುಟ್ಟ ಪ್ರೇಷಕಯಂತ್ರವನ್ನು ನಡೆಸಿ ‘ಆಕಾಶವಾಣಿ’ಯನ್ನು ಆರಂಭಿಸಿದರೆಂಬ ಕಥೆ ಕನ್ನಡಿಗರಿಗೆಲ್ಲ ಗೊತ್ತು, ಅದೇ ವರ್ಷದಲ್ಲಿ ಹೈದರಾಬಾದಿನ ಬಾನುಲಿ ಕೇಂದ್ರವನ್ನು ನಿಜಾಮರ ಸರಕಾರವು ವಹಿಸಿಕೊಂಡಿತೆಂಬುದೂ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯ ಕಿವಿ ಸಹಜವಾಗಿಯೇ ಆ ಕಡೆಗೆ ತಿರುಗಿತ್ತೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. 1950ರಲ್ಲಿ ಧಾರವಾಡದ ಕೇಂದ್ರವೂ 1966ರಲ್ಲಿ ಕಲಬುರ್ಗಿಯ ಕೇಂದ್ರವೂ ಬಂದಮೇಲೆ ಮಧ್ಯಮತರಂಗದಲ್ಲಿ ಕನ್ನಡವು ಕೇಳಿಬಂದುದು ನಿಜ. ಆದರೆ ಹ್ರಸ್ವತರಂಗದ ಹಂಬಲವನ್ನು ನಮ್ಮ ಜನರಲ್ಲಿ ಹುಟ್ಟಿಸಿದ್ದು ಕೊಲಂಬೊ. ಕೇಸ್ಕರರು ಕೇಂದ್ರದ ಪ್ರಸಾರ ಸಚಿವರಾಗಿದ್ದ ಕಾಲದಲ್ಲಿ ದೆಹಲಿಯ ಆಕಾಶವಾಣಿ ಚಿತ್ರಗೀತೆಗಳಿಗೆ ಬಾಗಿಲಿಕ್ಕಿದಾಗ, 1952ರಿಂದ ಸಿಲೋನಿನ ನಿಲಯವು ‘ಬಿನಾಕಾ ಗೀತಮಾಲಾ’ವನ್ನು ಅಮೀನ್ ಸಯಾನಿಯವರ ಕಂಠದಲ್ಲಿ ಹರಿಸಿತು, 1957ರ ಅಕ್ಟೋಬರ್ 3ರಂದು ವಿವಿಧಭಾರತಿಯು ಹುಟ್ಟಿದ್ದೇ ಆ ಪ್ರವಾಹಕ್ಕೆ ಕಟ್ಟೆ ಕಟ್ಟುವುದಕ್ಕಾಗಿ. ಗೀತಮಾಲೆ ಬರುವ ಬುಧವಾರದ ರಾತ್ರಿ ಎಂಟು ಗಂಟೆಗೆ, ಅಂಚೆ ಕಚೇರಿಯಲ್ಲಿ ಲೈಸನ್ಸು ಮಾಡಿಸಿದ ರೇಡಿಯೋ ಯಾರ ಮನೆಯಲ್ಲಿದ್ದಿತೋ ಅವರ ಕಟ್ಟೆಯ ಮೇಲೆ ಅರ್ಧ ಓಣಿ ಬಂದು ಕೂರುತ್ತಿದ್ದಿತು.

ಅಂದಿನಿಂದಲೂ ‘ಒಳ್ಳೆಯ ರೇಡಿಯೋ’ ಎಂದರೆ ದೂರದ್ದನ್ನು ಗಟ್ಟಿಯಾಗಿ ಕೇಳಿಸುವುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಅರ್ಧಸತ್ಯ. ಅಲ್ಪಸ್ವಲ್ಪ ತಂತಿಯೂ ನಾಲ್ಕು ಸೆಲ್ಲುಗಳೂ ಇದ್ದರೆ ಅಗ್ಗದ ಯಂತ್ರವೂ ಪೀಕಿಂಗಿನ ಹಿಂದೀ ಪ್ರಸಾರವನ್ನು ಹಿಡಿದು ಕೊಡುತ್ತದೆ. ಹಿಡಿಯುವುದು ಅದಕ್ಕೆ ಕಷ್ಟವಲ್ಲ, ಬಿಡುವುದು ಕಷ್ಟ. ಹ್ರಸ್ವತರಂಗದಲ್ಲಿ ನಿಲಯಗಳು ಐದೈದು ಕಿಲೋಹರ್ಟ್ಸ್ ಅಂತರದಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಒಂದನ್ನು ಕರೆದರೆ ಅದರ ಎಡಬಲದವರೂ ಒಳಗೆ ನುಗ್ಗುತ್ತಾರೆ. ಬೇಡದವರನ್ನು ಹೊಸ್ತಿಲಾಚೆಯೇ ನಿಲ್ಲಿಸುವ ಈ ಶಕ್ತಿಯಲ್ಲಿಯೇ ಗ್ರಾಹಕಯಂತ್ರದ ನಿಜವಾದ ತಾರತಮ್ಯವಿದೆಯೆಂದೂ, ಹೆಚ್ಚಿನ ಬೆಲೆಯನ್ನು ಕೊಡುವುದಾದರೆ ಇದಕ್ಕಾಗಿಯೇ ಕೊಡತಕ್ಕದ್ದೆಂದೂ ನನ್ನ ಅಭಿಪ್ರಾಯ.

ಅಗ್ಗದ ಯಂತ್ರಗಳ ಇನ್ನೊಂದು ವಂಚನೆಯನ್ನು ಇಲ್ಲಿ ಹೇಳಬೇಕು. ಆಕಾಶದಿಂದ ಬಂದ ಅಲೆಯನ್ನು ಯಂತ್ರವು ತನ್ನೊಳಗೆ ಹುಟ್ಟಿಸಿದ ಮತ್ತೊಂದು ಅಲೆಯೊಡನೆ ಬೆರೆಸಿ, ಸಾಮಾನ್ಯವಾಗಿ 455 ಕಿಲೋಹರ್ಟ್ಸಿನ ಒಂದು ನಡುಮಟ್ಟಕ್ಕೆ ಇಳಿಸಿ, ಅಲ್ಲಿ ಸೋಸುತ್ತದೆ. ಈ ಇಳಿತ ಒಮ್ಮೆಗೇ ಆಗುವುದಾದರೆ, ಬೇಕಾದ ನಿಲಯದಿಂದ 910 ಕಿಲೋಹರ್ಟ್ಸ್ ದೂರದಲ್ಲಿರುವ ಬೇರೊಂದು ನಿಲಯವೂ ಅದೇ ಮಟ್ಟಕ್ಕೆ ಇಳಿದು ಬಂದು ಕುಳಿತುಬಿಡುತ್ತದೆ. 9500ರಲ್ಲಿರುವ ಪ್ರಬಲ ನಿಲಯವೊಂದು 8590ರಲ್ಲಿಯೂ ಕೇಳಿಬಂದಾಗ, ಹೊಸದಾಗಿ ರೇಡಿಯೋ ಕೊಂಡವನು ತನ್ನ ಯಂತ್ರಕ್ಕೆ ಎಷ್ಟೊಂದು ಸ್ಟೇಷನ್ನು ಬರುತ್ತವೆಂದು ನೆರೆಮನೆಯವರಿಗೆ ಹೇಳಿ ಬೀಗುವುದುಂಟು. ಪಾಪ, ಆತ ಕೇಳುತ್ತಿರುವುದು ಒಬ್ಬನೇ ನಟನನ್ನು, ಎರಡು ವೇಷದಲ್ಲಿ. ಎರಡು ಬಾರಿ ಇಳಿಸುವ ಯಂತ್ರಗಳಲ್ಲಿ ಮೊದಲ ಮಟ್ಟವನ್ನು ಬಹಳ ಮೇಲೆ ಇಟ್ಟಿರುತ್ತಾರಾದ್ದರಿಂದ ಈ ಪ್ರತಿಬಿಂಬವು ಹತ್ತಿರ ಸುಳಿಯಲಾರದು. ಕೊಳ್ಳುವವನು ಅಂಗಡಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ಕೇಳಬೇಕಾದದ್ದು ಇದನ್ನು: ಇಳಿತ ಒಂದೋ, ಎರಡೋ? ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿರುವ ಸಂಭವವೇ ಹೆಚ್ಚು. ಆಗ ಡಬ್ಬಿಯೊಳಗಿನ ಪುಸ್ತಿಕೆಯನ್ನು ಕೇಳಿ ಪಡೆದು ಓದುವುದು ಲೇಸು.

ಯಂತ್ರವನ್ನು ಬಿಟ್ಟು ಸ್ಥಳವನ್ನು ನೋಡೋಣ, ಏಕೆಂದರೆ ಈ ಭಾಗವನ್ನು ಕೊಳ್ಳುವವರು ಸಂಪೂರ್ಣವಾಗಿ ಮರೆಯುತ್ತಾರೆ. 1985ರಲ್ಲಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಮೊದಲನೆಯ ಘಟಕವು ತಿರುಗಿದಂದಿನಿಂದ ರಾಯಚೂರು ಜಿಲ್ಲೆ ನಾಡಿಗೆಲ್ಲ ಬೆಳಕು ಕೊಡುವ ಜಿಲ್ಲೆಯಾಗಿದೆ. ಬಳಿಕ ಯರಮರಸಿನ ಸ್ಥಾವರವೂ ಕೂಡಿಕೊಂಡಿತು. ಈ ಸ್ಥಾವರಗಳಿಂದ ಹೊರಟ ಉಚ್ಚ ವಿದ್ಯುತ್ತಿನ ತಂತಿಗಳು ಹೊಲಗಳನ್ನು ದಾಟಿ ಹೋಗುವಲ್ಲಿ, ವಿಶೇಷವಾಗಿ ಹವೆ ತೇವಗೊಂಡ ರಾತ್ರಿಗಳಲ್ಲಿ, ಅವುಗಳ ಕೆಳಗೆ ರೇಡಿಯೋ ಹಿಡಿದು ನಿಂತರೆ ಒಗ್ಗರಣೆಯ ಬಾಣಲೆಯ ಸದ್ದೇ ಕೇಳುತ್ತದೆ. ಇದಾದರೂ ಊರಿನಿಂದ ದೂರ. ಮನೆಯೊಳಗಿನ ಶತ್ರುಗಳು ಇನ್ನೂ ಸಮೀಪದವರು: ಎಲ್‌.ಇ.ಡಿ. ದೀಪ, ಮೊಬೈಲಿನ ಚಾರ್ಜರು, ಇನ್ವರ್ಟರು. ಇವೆಲ್ಲ ವಿದ್ಯುತ್ತನ್ನು ಕ್ಷಣಕ್ಕೆ ಸಹಸ್ರಾರು ಬಾರಿ ಕತ್ತರಿಸಿ ಜೋಡಿಸುವ ಉಪಕರಣಗಳು. ಕತ್ತರಿಸಿದ ಚೂರುಗಳು ಹ್ರಸ್ವತರಂಗದ ಉದ್ದಕ್ಕೂ ಸಿಡಿದು ಬೀಳುತ್ತವೆ. ಇಂತಹ ಮನೆಯಲ್ಲಿ ಎಷ್ಟು ಬೆಲೆಯ ಗ್ರಾಹಕಯಂತ್ರವನ್ನು ತಂದಿಟ್ಟರೂ ಅದು ಗದ್ದಲವನ್ನು ನಿಷ್ಠೆಯಿಂದ ನಿವೇದಿಸೀತಷ್ಟೆ.

ಹಿಂದಿನವರಿಗೆ ಈ ಶತ್ರುಗಳಿರಲಿಲ್ಲ, ಆದರೂ ಏರಿಯಲ್ಲಿನ ವಿಷಯದಲ್ಲಿ ಅವರು ನಮಗಿಂತ ಜಾಣರಾಗಿದ್ದರು. ಮಾಳಿಗೆಯ ಮೇಲೆ ಎರಡು ಬೊಂಬು ನೆಟ್ಟು ತಾಮ್ರದ ತಂತಿಯನ್ನು ಬಿಗಿದು, ಒಂದು ತುದಿಯನ್ನು ಕಿಟಕಿಯೊಳಗಿಂದ ಇಳಿಬಿಟ್ಟು, ಮತ್ತೊಂದು ತಂತಿಯನ್ನು ನೆಲಕ್ಕೆ ಹುಗಿದು ‘ಅರ್ಥಿಂಗ್’ ಕೊಡದೆ ಯಾರೂ ರೇಡಿಯೋ ತಿರುವುತ್ತಿರಲಿಲ್ಲ. ನಮ್ಮ ಎರಿಭೂಮಿ ಈ ಕೆಲಸಕ್ಕೆ ಒದಗಿದ ವರವೆಂದೇ ಹೇಳಬೇಕು: ತೇವ ಹಿಡಿದ ಕರಿಮಣ್ಣಿನಷ್ಟು ಚೆನ್ನಾಗಿ ವಿದ್ಯುತ್ತನ್ನು ಒಳಗೊಳ್ಳುವ ನೆಲ ಬೇರೆ ಕಡೆ ಅಪೂರ್ವ. ಬೇಸಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಸಲಾಕೆಯಿಂದ ದೂರ ಸರಿಯುವುದರಿಂದ ವಾರಕ್ಕೊಮ್ಮೆ ಬುಡಕ್ಕೆ ಒಂದು ಕೊಡ ನೀರು ಹೊಯ್ಯಬೇಕು. ಹತ್ತು ಮೀಟರು ತಂತಿಯೂ ಒಂದು ಸಲಾಕೆಯೂ ತರುವ ಸುಧಾರಣೆಯನ್ನು ಅದರ ನೂರುಪಟ್ಟು ಬೆಲೆಯ ಹೊಸ ಯಂತ್ರವು ತಾರದೆಂಬುದನ್ನು ಅನುಭವದಿಂದ ಹೇಳಬಲ್ಲೆ. ಮೇ ತಿಂಗಳ ಗುಡುಗು ಹತ್ತಿರ ಬಂದಾಗ ಮಾತ್ರ ತಂತಿಯನ್ನು ಯಂತ್ರದಿಂದ ಬಿಡಿಸಿ ಹೊರಗೆ ಎಸೆಯುವುದನ್ನು ಮರೆಯಲಾಗದು.

ಇನ್ನು ಹಳೆಯದೋ ಹೊಸದೋ ಎಂಬ ವಿವಾದ. ವಾಲ್ವಿನ ಮರ್ಫಿ, ಫಿಲಿಪ್ಸ್, ಬುಷ್ ಪೆಟ್ಟಿಗೆಗಳ ಮೇಲೆ ನಮ್ಮಲ್ಲಿ ಹಲವರಿಗೆ ಭಕ್ತಿಯೇ ಇದೆ. ಅವುಗಳ ಧ್ವನಿಯ ತುಂಬುತನವನ್ನು ನಾನೂ ಒಪ್ಪುತ್ತೇನೆ. ಮರದ ಪೆಟ್ಟಿಗೆ, ದೊಡ್ಡ ಸ್ಪೀಕರು, ಮುಸ್ಸಂಜೆಯಲ್ಲಿ ಹಳದಿಯಾಗಿ ಹೊಳೆಯುವ ಗಾಜಿನ ಫಲಕದ ಮೇಲೆ ಲಂಡನ್, ಕೊಲಂಬೊ ಎಂಬ ಊರುಗಳ ಹೆಸರು. ಆದರೆ ಬಹುತೇಕ ಇವು ಒಂದೇ ಇಳಿತದ ಯಂತ್ರಗಳು. ವೇಷಧಾರಿಗಳೆಲ್ಲ ಇಲ್ಲಿಯೂ ಹಾಜರು. ಅಲ್ಲದೆ ಎ.ಸಿ.ಗೂ ಡಿ.ಸಿ.ಗೂ ನಡೆಯುವಂತೆ ಮಾಡಿದ ಕೆಲವು ಮಾದರಿಗಳಲ್ಲಿ ಒಳಗಿನ ತಗಡಿನ ತಳವೇ ನೇರವಾಗಿ ಮನೆಯ ವಿದ್ಯುತ್ತಿಗೆ ತಗುಲಿಕೊಂಡಿರುವುದರಿಂದ, ಹಿಂಬದಿಯ ರಟ್ಟು ತೆಗೆದು ಕೈ ಹಾಕುವವನು ತನ್ನ ಆಯುಷ್ಯದ ಮೇಲೆ ಭರವಸೆಯಿಟ್ಟೇ ಹಾಕಬೇಕು. ಪ್ರೀತಿಗಾಗಿ ಕೊಳ್ಳುವುದಾದರೆ ಕೊಳ್ಳಲಿ. ಉತ್ತಮ ಗ್ರಹಣಕ್ಕಾಗಿ ಕೊಳ್ಳುತ್ತೇನೆಂದು ಹೆಂಡತಿಗೆ ಹೇಳುವುದು ಸಲ್ಲದು.

ಹಳೆಯದರಲ್ಲಿ ನಿಜವಾಗಿ ಅರಸತಕ್ಕದ್ದು ಸೋನಿಯವರ ಐ.ಸಿ.ಎಫ್.-ಎಸ್.ಡಬ್ಲ್ಯೂ. 7600 ಜಿ.ಆರ್. ಎಂಬ ಪುಸ್ತಕದಷ್ಟು ಗಾತ್ರದ ಯಂತ್ರವನ್ನು. 2001ರಲ್ಲಿ ಬಂದ ಇದರ ತಯಾರಿಕೆ ಈಗ ನಿಂತಿದೆ. ಎರಡು ಇಳಿತ, ಮೊದಲನೆಯದು 55 ಮೆಗಾಹರ್ಟ್ಸಿಗಿಂತಲೂ ಮೇಲಿರುವುದರಿಂದ ಪ್ರತಿಬಿಂಬದ ಕಾಟವಿಲ್ಲ. ಇದರ ಹಿರಿಮೆಯು ಇನ್ನೊಂದು ಅಂಶದಲ್ಲಿದೆ. ದೂರದ ನಿಲಯದ ಅಲೆಯು ಅಯಾನುಮಂಡಲದಲ್ಲಿ ತೂಗಾಡಿ ಬರುವಾಗ ಅದರ ನಡುವಿನ ವಾಹಕವೇ ಒಮ್ಮೊಮ್ಮೆ ಕುಗ್ಗಿಹೋಗಿ ಮಾತು ಹರಿದು ಹೋಳಾಗುತ್ತದೆ. ಆಗ ಈ ಯಂತ್ರವು ತಾನೇ ಒಂದು ಸ್ಥಿರವಾದ ವಾಹಕವನ್ನು ಹುಟ್ಟಿಸಿ ಅದರ ಜಾಗದಲ್ಲಿ ನಿಲ್ಲಿಸುವುದಲ್ಲದೆ, ಅಲೆಯ ಎರಡು ಪಕ್ಕಗಳಲ್ಲಿ ಯಾವುದರಲ್ಲಿ ನೆರೆಯವನ ಗದ್ದಲ ಕಡಿಮೆಯೋ ಅದನ್ನು ಮಾತ್ರ ಆರಿಸಿ ಕೇಳಲು ಅವಕಾಶ ಕೊಡುತ್ತದೆ. ದೋಷಗಳೂ ಇವೆ. ಸೋಸುವ ಜಾಲರಿ ಒಂದೇ ಅಳತೆಯದು; ತಿರುವುವ ಗುಂಡಿಯೇ ಇಲ್ಲದೆ ಎಲ್ಲವನ್ನೂ ಒತ್ತುಗುಂಡಿಗಳಿಂದ ಮಾಡಬೇಕಾಗಿರುವುದು, ಕಿವಿ ತಿರುವಿ ಬೆಳೆದ ನಮ್ಮ ತಲೆಮಾರಿನವರಿಗೆ ಕೈ ಕಟ್ಟಿ ಊಟ ಬಡಿಸಿದಂತೆ.

ಹಳೆಯ ಯಂತ್ರ ಕೊಳ್ಳಲು ಈ ಭಾಗದವರು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗಿಂತ ಹೈದರಾಬಾದಿನ ಜುಮ್ಮೇರಾತ್ ಬಜಾರಿಗೆ ಹೋಗುವುದೇ ಹೆಚ್ಚು. ರೈಲು ನೇರವಾಗಿದೆ, ಚೌಕಾಸಿಯ ಭಾಷೆಯೂ ಗೊತ್ತು. ಅಲ್ಲಿ ನೋಡಬೇಕಾದದ್ದು ಹೊಳಪನ್ನಲ್ಲ. ಸೆಲ್ಲಿನ ಗೂಡನ್ನು ತೆರೆದು ಹಸುರುಬಿಳಿಯ ಉಪ್ಪು ಹಿಡಿದಿದೆಯೇ ಎಂದು ನೋಡಬೇಕು. ಕಡ್ಡಿ ಏರಿಯಲ್ಲಿನ ಬುಡ ಅಲ್ಲಾಡುತ್ತದೆಯೇ, ಧ್ವನಿಯ ಗುಂಡಿ ತಿರುವಿದರೆ ಕರಕರ ಎನ್ನುತ್ತದೆಯೇ ಎಂದು ಪರೀಕ್ಷಿಸಬೇಕು. ಹಳೆಯ ಟ್ರಾನ್ಸಿಸ್ಟರಾದರೆ, ನಡುಮಟ್ಟದಲ್ಲಿ ಸೋಸುವ ಐ.ಎಫ್. ಡಬ್ಬಿಗಳ ತಲೆಯ ಮೇಲಿನ ಮೇಣದ ಮುದ್ರೆ ಒಡೆದಿದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಒಡೆದಿದ್ದರೆ ಯಾವನೋ ರಿಪೇರಿಯವನ ಸ್ಕ್ರೂಡ್ರೈವರು ಒಳಹೊಕ್ಕು ಕಾರ್ಖಾನೆಯ ಶ್ರುತಿಯನ್ನು ಕೆಡಿಸಿದೆಯೆಂದೇ ಅರ್ಥ. ಹಿಂದೊಮ್ಮೆ ನಾನು ಕೊಂಡಿದ್ದ ಒಂದು ಮೂಕ ಯಂತ್ರವನ್ನು ಬಿಚ್ಚಿ ನೋಡಿದ ರಿಪೇರಿಯವನು, “ಇದರಾಗ ಏನೂ ಹೋಗಿಲ್ಲ ನೋಡ್ರಿ ಸಾರ್, ಕೇಳಂಗಿಲ್ಲ ಅಷ್ಟ” ಎಂದ ಮಾತು ಇನ್ನೂ ನೆನಪಿನಲ್ಲಿದೆ.

ಹೊಸದರಲ್ಲಿ ಈಗ ಚೀನಾದ ಟೆಕ್ಸನ್ ಕಂಪನಿಯದೇ ಪ್ರಾಬಲ್ಯ. ಪಿ.ಎಲ್. 330 ಎಂಬ ಅಂಗೈಯಗಲದ ಯಂತ್ರದಲ್ಲಿ ಹಿಂದಿನ ಸುರುಳಿ, ಡಬ್ಬಿಗಳ ಕೆಲಸವನ್ನೆಲ್ಲ ಒಂದು ಚಿಪ್ಪು ಗಣಿತದಿಂದಲೇ ಮಾಡಿ ಮುಗಿಸುತ್ತದೆ. ಸೋಸುವ ಅಗಲವನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು. ಸೋನಿಯಲ್ಲಿಲ್ಲದ ಈ ಸೌಲಭ್ಯ ದೊಡ್ಡದು. ಹಳೆಯ ನೋಕಿಯಾ ಫೋನುಗಳ ಬಿ.ಎಲ್.-5ಸಿ ಬ್ಯಾಟರಿಯಿಂದಲೇ ನಡೆಯುವುದರಿಂದ ದೇವದುರ್ಗದ ಯಾವ ಮೊಬೈಲ್ ಅಂಗಡಿಯಲ್ಲಿಯೂ ಅದಕ್ಕೆ ಆಹಾರ ಸಿಕ್ಕೀತು. ಆದರೆ ಈ ಚಿಪ್ಪಿನ ಜಾತಿಗೇ ಒಂದು ದುರ್ಗುಣವಿದೆ: ನಿಲಯವು ಕ್ಷೀಣಿಸಿದೊಡನೆ ಅದು ಗೊರಗೊರವನ್ನು ಅಡಗಿಸುವ ನೆಪದಲ್ಲಿ ಧ್ವನಿಯನ್ನೇ ತಗ್ಗಿಸಿಬಿಡುತ್ತದೆ. ದುರ್ಬಲವಾದ ಮಾತನ್ನು ಗದ್ದಲದ ನಡುವಿನಿಂದ ಹೆಕ್ಕಿ ತೆಗೆಯುವುದು ಮನುಷ್ಯನ ಕಿವಿಗೆ ಸಹಜವಾದ ವಿದ್ಯೆ. ಆ ಗದ್ದಲವನ್ನು ಕೇಳುಗನಿಗೆ ಬಿಟ್ಟುಕೊಡದ ಯಂತ್ರವು ಅತಿವಿನಯದ ಸೇವಕನಂತೆ ರೇಗಿಸುತ್ತದೆ.

ಇಷ್ಟೆಲ್ಲ ಮಾಡಿ ಕೇಳುವುದೇನೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. 1940ರಲ್ಲಿ ಹುಟ್ಟಿದ ಬಿ.ಬಿ.ಸಿ.ಯ ಹಿಂದೀ ರೇಡಿಯೋ ಪ್ರಸಾರ 2020ರ ಜನವರಿ 31ರಂದು ಮುಗಿಯಿತು. ಹಾಲೆಂಡಿನವರು, ಕೆನಡಾದವರು 2012ರಲ್ಲಿಯೂ ಆಸ್ಟ್ರೇಲಿಯದವರು 2017ರಲ್ಲಿಯೂ ಹ್ರಸ್ವತರಂಗವನ್ನು ತೊರೆದರು. ಬ್ಯಾಂಡುಗಳಲ್ಲಿ ಈಗ ಜಾತ್ರೆ ಮುಗಿದ ಬಯಲಿನ ನೋಟವಿದೆ. ಚೀನಾ, ಜಪಾನು, ರೊಮೇನಿಯಾ, ತುರ್ಕಿ ಇನ್ನೂ ಅಂಗಡಿ ಎತ್ತಿಲ್ಲ. ಆದ್ದರಿಂದ ಹೊಸಬನು ಬಹಳ ಹಣ ಸುರಿಯುವುದನ್ನು ನಾನು ಅನುಮೋದಿಸಲಾರೆ: ಮೊದಲು ತಂತಿ, ಆಮೇಲೆ ಟೆಕ್ಸನ್, ರುಚಿ ಹತ್ತಿದ ಬಳಿಕ ಕೇಳಿ ನೋಡಿ ಕೊಳ್ಳಲು ಅವಕಾಶವಿದ್ದರೆ ಹಳೆಯ ಸೋನಿ.

ನಾನು ಕೊಂಡುದು ಆ ಸೋನಿಯನ್ನೇ. ನಗರದ ಅಂಗಡಿಯೊಂದರಲ್ಲಿ ಕೇಳಿದಾಗ ಬರಿಯ ಭೋರ್ಗರೆತ. ದೀಪಗಳ ನಡುವೆ ಬೇರೇನು ಕೇಳೀತೆಂದು ಸಮಾಧಾನ ಮಾಡಿಕೊಂಡು ತಂದೆ. ಮರುದಿನ ಸಂಜೆ ಮಾಳಿಗೆಯ ಮೇಲೆ ತಂತಿ ಸಿಕ್ಕಿಸಿ ಕುಳಿತೆ. ಏಳೂವರೆಯ ಸುಮಾರಿಗೆ ಕರೆಂಟು ಹೋಯಿತು. ಊರು ಕತ್ತಲಾದ ಕ್ಷಣದಲ್ಲಿಯೇ ಯಂತ್ರದೊಳಗೆ ಹಾಸಿಕೊಂಡಿದ್ದ ಗೊರಗೊರ, ಚಾಪೆ ಸುತ್ತಿ ತೆಗೆದಂತೆ ಎದ್ದುಹೋಯಿತು. 31 ಮೀಟರಿನಲ್ಲಿ ಚೀನಾದ ಅಬ್ಬರದ ಪಕ್ಕಕ್ಕೆ ಆತುಕೊಂಡು ಯಾರೋ ತೆಳುವಾಗಿ ಇಂಗ್ಲಿಷಿನಲ್ಲಿ ಹವೆಯ ವರ್ತಮಾನ ಹೇಳುತ್ತಿದ್ದರು; ಗುಂಡಿ ಒತ್ತಿ ಅಲೆಯ ಕೆಳಪಕ್ಕವನ್ನು ಆರಿಸಿದೆ, ಚೀನಾದವನು ಹಿಂದಕ್ಕೆ ಸರಿದ, ಮಾತು ಒಂದೊಂದಾಗಿ ನಿಂತಿತು. ಯಾವ ದೇಶದ ಹವೆ ಎಂದು ತಿಳಿಯುವಷ್ಟರಲ್ಲಿ ಕರೆಂಟು ಬಂತು, ಓಣಿಯ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಬೇವಿನ ಮರದ ಆಚೆಗೆ, ಬಾವಿಯ ಕಡೆಗೆ, ತಂತಿಯನ್ನು ಇನ್ನೂ ಹತ್ತು ಗಜ ಎಳೆಯಬೇಕೆಂದು ಅಂದಾಜು ಮಾಡುತ್ತ ಕೆಳಗಿಳಿದೆ.