550 ಯೆನ್ನಿನ ಬಿಸಿನೀರು

ಕೆಲಸಕ್ಕೆಂದು ಟೋಕಿಯೊಗೆ ಬಂದವರು ಮೊದಲ ವರ್ಷವನ್ನು ಹೆಚ್ಚುಕಡಿಮೆ ಪ್ರವಾಸಿಗರ ಹಾಗೆಯೇ ಕಳೆಯುತ್ತಾರೆ. ಐದು ದಿನ ಕಚೇರಿ, ಶನಿವಾರ ಅಸಾಕುಸಾ, ಭಾನುವಾರ ಕಾಮಾಕುರಾ, ದೀರ್ಘ ರಜೆ ಬಂದರೆ ಕ್ಯೋಟೊ. ಎರಡನೇ ವರ್ಷಕ್ಕೆ ನೋಡಬೇಕಾದ ಜಾಗಗಳು ತೀರುತ್ತವೆ. ಮನೆ, ರೈಲು, ಕಚೇರಿ ಇಷ್ಟೇ ಉಳಿಯುತ್ತದೆ. ಊರಿನ ನೆನಪು ಕಾಡಲು ಶುರುವಾಗುವುದು ಆಗಲೇ. ‘ಇಲ್ಲಿ ಹೊತ್ತು ಕಳೆಯೋಕೆ ಏನು ಮಾಡ್ತೀರಿ?’ ಎಂದು ಹೊಸಬರು ಕೇಳಿದಾಗಲೆಲ್ಲ ನಾನು ಕೊಡುವ ಸಲಹೆ ಒಂದೇ: ನಿಮ್ಮ ಬೀದಿಯ ಸೆಂತೊಗೆ ಹೋಗಿ.

ಸೆಂತೊ ಎಂದರೆ ದುಡ್ಡು ಕೊಟ್ಟು ಮೀಯುವ ಕೇರಿಯ ಸ್ನಾನದ ಮನೆ. ಬೆಟ್ಟದೂರುಗಳ ಬಿಸಿನೀರ ಬುಗ್ಗೆಯಲ್ಲಿ ಮೀಯುವ ಒನ್ಸೆನ್ ಬೇರೆ, ಇದು ಬೇರೆ. ಒನ್ಸೆನ್‌ಗೆ ರಜೆ ಹಾಕಿ, ಕೋಣೆ ಕಾದಿರಿಸಿ ಹೋಗಬೇಕು. ಸೆಂತೊಗೆ ಚಪ್ಪಲಿ ಮೆಟ್ಟಿ, ಹೆಗಲಿಗೊಂದು ಟವೆಲ್ ಹಾಕಿಕೊಂಡು ಹೊರಟರೆ ಸಾಕು. ಟೋಕಿಯೊದಲ್ಲಿ 2024ರ ಆಗಸ್ಟ್‌ನಿಂದ ದೊಡ್ಡವರಿಗೆ 550 ಯೆನ್, ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಯ ಆಸುಪಾಸು. ಈ ದರವನ್ನು ಮಾಲೀಕ ತನಗೆ ತೋಚಿದಂತೆ ಏರಿಸುವಂತಿಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ ಬಂದ ಬೆಲೆ ನಿಯಂತ್ರಣ ಆದೇಶದಡಿ ಆಯಾ ಪ್ರಾಂತ್ಯದ ಗವರ್ನರ್ ಗರಿಷ್ಠ ದರ ಗೊತ್ತುಮಾಡುತ್ತಾರೆ. ಅಕ್ಕಿ, ಸೌದೆಯಂಥ ವಸ್ತುಗಳು ಎಂದೋ ಆ ಆದೇಶದಿಂದ ಹೊರಬಂದವು; ಸ್ನಾನ ಮಾತ್ರ ಇಂದಿಗೂ ಅದರಡಿಯಲ್ಲೇ ಇದೆ. ಬಡವನಿಗೂ ಮೈ ತೊಳೆದುಕೊಳ್ಳಲು ಬಿಸಿನೀರು ಸಿಗಬೇಕು ಎಂಬ ಸಾದಾ ನ್ಯಾಯ ಅದರ ಹಿಂದಿದೆ. ಇಸೆಯ ಯೊಇಚಿ ಎಂಬಾತ 1591ರಲ್ಲಿ ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಮೊದಲ ಸೆಂತೊ ತೆರೆದ ಎನ್ನುತ್ತವೆ ಹಳೆಯ ಬರಹಗಳು. ಅಂದಿನಿಂದ ಇದು ನಗರದ ದುಡಿಯುವ ಜನರ ಜಾಗ.

ವಿದೇಶಿ ಕೆಲಸಗಾರನಿಗೆ ಇದು ಬೇಕಾಗಲು ಇನ್ನೂ ಒಂದು ಕಾರಣವಿದೆ. 2024ರ ಅಕ್ಟೋಬರ್ ಹೊತ್ತಿಗೆ ಜಪಾನಿನಲ್ಲಿ 23 ಲಕ್ಷ ವಿದೇಶಿ ಕೆಲಸಗಾರರಿದ್ದರು. ವಿಯೆಟ್ನಾಮಿನವರು ಎಲ್ಲರಿಗಿಂತ ಹೆಚ್ಚು. ಚೀನಾ, ಫಿಲಿಪ್ಪೀನ್ಸ್, ನೇಪಾಳದವರು ಅವರ ಹಿಂದೆ. ನಮ್ಮವರಲ್ಲಿ ಬಹಳಷ್ಟು ಜನ ಎದೊಗಾವಾ ವಾರ್ಡಿನ ನಿಶಿಕಾಸಾಯ್ ಸುತ್ತಮುತ್ತ ಮನೆ ಹಿಡಿದು, ತೋಜಾಯ್ ಮಾರ್ಗದ ರೈಲಿನಲ್ಲಿ ಓತೆಮಾಚಿಯ ಬ್ಯಾಂಕುಗಳ ಕಂಪ್ಯೂಟರ್ ಕೆಲಸಕ್ಕೆ ಹೋಗಿಬರುತ್ತಾರೆ. ಯಾರ ಬಾಡಿಗೆ ಮನೆ ನೋಡಿದರೂ ಅಲ್ಲಿರುವುದು ‘ಯೂನಿಟ್ ಬಾತ್’. ನೆಲ, ಗೋಡೆ, ತೊಟ್ಟಿ ಎಲ್ಲವನ್ನೂ ಕಾರ್ಖಾನೆಯಲ್ಲೇ ತಯಾರಿಸಿ ತಂದು ಜೋಡಿಸುವ ಪ್ಲಾಸ್ಟಿಕ್ ಕೋಣೆ ಅದು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ ಸಾವಿರಕ್ಕೂ ಹೆಚ್ಚು ಕೋಣೆಗಳ ನ್ಯೂ ಓತಾನಿ ಹೋಟೆಲನ್ನು ಬೇಗ ಮುಗಿಸಬೇಕಾಗಿ ಬಂದಾಗ ಹುಟ್ಟಿದ ಜಾಣ ಉಪಾಯ. ಚೊಕ್ಕಟವಾಗಿರುತ್ತದೆ ನಿಜ. ಆದರೆ ಸಣ್ಣ ಬಾಡಿಗೆ ಮನೆಯ ತೊಟ್ಟಿಯಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಮೈ ಸ್ವಚ್ಛವಾಗುತ್ತದೆ, ದಣಿವು ಇಳಿಯುವುದಿಲ್ಲ.

ಸೆಂತೊದ ಬಾಗಿಲಲ್ಲಿ ನೋರೆನ್ ಎಂಬ ಬಟ್ಟೆಯ ತೆರೆ ತೂಗುತ್ತಿದ್ದರೆ ಒಳಗೆ ನೀರು ಕಾದಿದೆ ಎಂದರ್ಥ. ಸಾಮಾನ್ಯವಾಗಿ ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ ತೆರೆದು ಮಧ್ಯರಾತ್ರಿಯವರೆಗೂ ನಡೆಯುತ್ತದೆ. ಒಳಗೆ ಕಾಲಿಟ್ಟೊಡನೆ ಚಪ್ಪಲಿಯ ಗೂಡುಗಳು. ಚಪ್ಪಲಿಯಿಟ್ಟು ಅಂಗೈಯಗಲದ ಮರದ ತುಂಡನ್ನು ಹಿರಿದುಕೊಂಡರೆ ಬೀಗ ಬೀಳುತ್ತದೆ. ಆ ತುಂಡೇ ಬೀಗದ ಕೈ. ಕಾಸು ಕೊಟ್ಟ ಮೇಲೆ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಬಟ್ಟೆ ಬಿಚ್ಚುವ ಕೋಣೆಯಲ್ಲಿ ತಲೆ ಎತ್ತಿ ನೋಡಲು ಮರೆಯಬೇಡಿ. 1923ರ ಮಹಾಭೂಕಂಪದ ನಂತರ ಟೋಕಿಯೊದಲ್ಲಿ ಎದ್ದ ಸೆಂತೊಗಳಿಗೆ ದೇವಸ್ಥಾನದ ಮಾಡು, ಚೌಕ ಚೌಕದ ಮರದ ಚಾವಣಿ. ಬೆಂಕಿ ಮತ್ತು ಕಂಪನ ಅಳಿಸಿಹಾಕಿದ ನಗರದಲ್ಲಿ ಕೂಲಿಯವನಿಗೂ ಸಂಜೆಗೊಮ್ಮೆ ಭವ್ಯವಾದ ಸೂರು ಸಿಗಲಿ ಎಂಬಂತೆ ಬಡಗಿಗಳು ಕೈಬಿಚ್ಚಿ ದುಡಿದ ಕಟ್ಟಡಗಳು ಅವು.

ಒಳಗಿನ ರೀತಿ ರಿವಾಜು ಕಡಿಮೆ, ಆದರೆ ಕಟ್ಟುನಿಟ್ಟು. ಒಂದು ಕುಳ್ಳ ಮಣೆ, ಒಂದು ಬಕೆಟ್ಟು ತೆಗೆದುಕೊಂಡು ನಲ್ಲಿಯ ಮುಂದೆ ಕೂತು, ತಲೆಯಿಂದ ಪಾದದವರೆಗೆ ಸೋಪು ಹಚ್ಚಿ ತೊಳೆಯಬೇಕು. ಪಕ್ಕದವರಿಗೆ ನೀರು ಸಿಡಿಯಬಾರದು. ಸೋಪಿನ ಒಂದು ಹನಿಯೂ ಮೈಮೇಲೆ ಉಳಿಯದಂತೆ ತೊಳೆದ ಮೇಲಷ್ಟೇ ತೊಟ್ಟಿಗೆ ಇಳಿಯುವುದು. ತೊಟ್ಟಿಯ ನೀರು ಎಲ್ಲರದು. ಅದರಲ್ಲಿ ಟವೆಲ್ ಅದ್ದುವಂತಿಲ್ಲ, ಉದ್ದ ಕೂದಲು ಬಿಡುವಂತಿಲ್ಲ. ಟವೆಲನ್ನು ಮಡಚಿ ನೆತ್ತಿಯ ಮೇಲಿಟ್ಟುಕೊಂಡರಾಯಿತು. ಎದ್ದು ಬರುವಾಗ ಮೈ ಒರೆಸಿಕೊಂಡೇ ಬಟ್ಟೆಯ ಕೋಣೆಗೆ ಕಾಲಿಡಬೇಕು. ಚಿತ್ರಸಹಿತ ಸೂಚನೆಗಳು ಈಗ ಎಷ್ಟೋ ಕಡೆ ಗೋಡೆಯ ಮೇಲಿವೆ, ಜಪಾನಿ ಓದಲು ಬರದಿದ್ದರೂ ತೊಡಕಿಲ್ಲ. ಹಚ್ಚೆ ಇದ್ದವರನ್ನು ಅನೇಕ ಒನ್ಸೆನ್ ಹೋಟೆಲುಗಳು ಒಳಗೆ ಬಿಡುವುದಿಲ್ಲ. ಕೇರಿಯ ಸೆಂತೊಗಳಲ್ಲಿ ಸಾಮಾನ್ಯವಾಗಿ ಆ ತಕರಾರಿಲ್ಲ.

ನೀರಿನ ಬಿಸಿ ಟೋಕಿಯೊದ ಹಳೆಯ ಸೆಂತೊಗಳಲ್ಲಿ 42ರಿಂದ 44 ಡಿಗ್ರಿ. ಹೊಸಬರಿಗೆ ಇದು ಸುಡುನೀರು. ಇಲ್ಲಿನ ಮುದುಕರು ಬಲ್ಲ ಗುಟ್ಟು ಸರಳ: ಇಳಿದ ಮೇಲೆ ಅಲುಗಾಡಬಾರದು. ಸುಮ್ಮನಿದ್ದರೆ ಚರ್ಮಕ್ಕೆ ತಾಗಿದ ನೀರು ಒಂಚೂರು ತಣಿದು ಮೈಸುತ್ತ ತೆಳುವಾದ ಪದರವಾಗಿ ನಿಲ್ಲುತ್ತದೆ. ಕೈಯಾಡಿಸಿದಿರೋ, ಆ ಪದರ ಒಡೆದು ಬಿಸಿ ಮತ್ತೆ ಕಚ್ಚುತ್ತದೆ. ಹೀಗಾಗಿ ಬೇರೆಯವರು ಕೂತಿರುವಾಗ ಧಡಕ್ಕನೆ ತೊಟ್ಟಿಗೆ ಇಳಿಯುವುದು ಒರಟುತನ. ತಣ್ಣೀರು ನಲ್ಲಿ ತಿರುಗಿಸುವ ಮುನ್ನವೂ ಪಕ್ಕದವರನ್ನು ಕೇಳಬೇಕು. ಬಿಸಿ ತಡೆಯದಾದಾಗ ತಣ್ಣೀರು ತೊಟ್ಟಿಗೆ ಹೋಗಿ, ಮೈ ಗಟ್ಟಿಯಾದ ಮೇಲೆ ಮತ್ತೆ ಬಿಸಿಗೆ ಮರಳುವ ಕ್ರಮವೊಂದಿದೆ. ಕೋಎಂಜಿಯ ಕೊಸುಗಿಯು ಇದಕ್ಕೆ ಹೆಸರುವಾಸಿ. 1933ರಲ್ಲಿ ಕಟ್ಟಿದ ಆ ಮನೆಯಲ್ಲಿ ಹಾಲಿನ ಬಣ್ಣದ ಸ್ನಾನ, ಸುಡುಬಿಸಿ, ತಣ್ಣೀರು ಅಕ್ಕಪಕ್ಕದಲ್ಲೇ ಇವೆ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಈ ಸಾಹಸಕ್ಕೆ ಇಳಿಯಬಾರದು. ಕುಡಿದ ಮೇಲಂತೂ ಯಾರೂ ಇಳಿಯಕೂಡದು.

ಒಳಗೆ ಬಂದವರ ಕಣ್ಣಿಗೆ ಎದುರಾಗುವುದು ಗೋಡೆಯ ಮೇಲಿನ ಫ್ಯೂಜಿ ಪರ್ವತ. 1912ರಲ್ಲಿ ಕಾಂದಾದ ಕಿಕಾಯ್‌ಯು ಎಂಬ ಸೆಂತೊದವರು ಮಕ್ಕಳು ಖುಷಿಯಿಂದ ನೀರಿಗಿಳಿಯಲಿ ಎಂದು ಗೋಡೆಗೆ ಚಿತ್ರ ಬರೆಸಿದರು. ಬರೆದ ಕಲಾವಿದ ಕಾವಾಗೊಎ ಕೋಶಿರೊ ಶಿಜುಓಕಾದವನು, ಆತ ತನ್ನೂರಿನ ಫ್ಯೂಜಿಯನ್ನೇ ಬರೆದ. ಅದು ಟೋಕಿಯೊದ ಸೆಂತೊಗಳ ಸಂಪ್ರದಾಯವಾಯಿತು. ಹಬೆಗೆ ಬಣ್ಣ ಏಳುವುದರಿಂದ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಬೇಕು. ಸೆಂತೊದ ವಾರದ ರಜಾದಿನ ಏಣಿ, ಹಲಗೆ ಕಟ್ಟಿ, ಹಳೆಯ ಚಿತ್ರದ ಮೇಲೆಯೇ ಆಕಾಶದಿಂದ ಶುರುಮಾಡಿ ಕೆಳಗಿಳಿಯುತ್ತ ಸಂಜೆಯೊಳಗೆ ಮುಗಿಸುತ್ತಾರೆ. ಮುಳುಗುವ ಸೂರ್ಯ, ಉದುರುವ ಮೇಪಲ್ ಎಲೆ ಬರೆಯುವುದಿಲ್ಲ, ವ್ಯಾಪಾರಕ್ಕೆ ಅಪಶಕುನ. ಮಾರುಯಾಮಾ ಕಿಯೊತೊ, ನಾಕಾಜಿಮಾ ಮೊರಿಯೊ ಈ ಕಸುಬಿನ ಹಿರಿಯ ಹೆಸರುಗಳು. ಕಲಾ ಇತಿಹಾಸ ಓದಿದ ತಾನಾಕಾ ಮಿಜುಕಿ ಎಂಬಾಕೆ ನಾಕಾಜಿಮಾ ಅವರ ಬಳಿ ಶಿಷ್ಯೆಯಾಗಿ ನಿಂತು ಕಲಿತು, ಈಗ ಸ್ವಂತವಾಗಿ ಬರೆಯುತ್ತಿದ್ದಾರೆ. ವೃತ್ತಿಯಾಗಿ ಈ ಕೆಲಸ ಮಾಡುವವರು ಬೆರಳೆಣಿಕೆಯಷ್ಟೇ ಉಳಿದಿದ್ದಾರೆ.

ಇನ್ನು ಮೀಯಲು ತೆಗೆದುಕೊಳ್ಳುವ ಹಳದಿ ಬಕೆಟ್ಟು. ತಳದಲ್ಲಿ ಕೆಂಪು ಅಕ್ಷರದಲ್ಲಿ ‘ಕೆರೊರಿನ್’ ಎಂದು ಬರೆದಿರುತ್ತದೆ. ಕೆರೊರಿನ್ ಎಂಬುದು ತಲೆನೋವಿನ ಮದ್ದು. 1963ರಲ್ಲಿ ಆ ಔಷಧದ ಜಾಹೀರಾತಿಗೆಂದು ತಯಾರಾದ ಬಕೆಟ್ಟು ಇಡೀ ದೇಶದ ಸ್ನಾನದ ಮನೆಗಳನ್ನು ಹೊಕ್ಕಿತು. ಮೊದಲು ಬಿಳಿ ಇತ್ತು, ಕೊಳೆ ಎದ್ದು ಕಾಣುತ್ತಿತ್ತೆಂದು ಹಳದಿ ಮಾಡಿದರು. ಟೋಕಿಯೊ ಕಡೆಯದು ಸುಮಾರು 360 ಗ್ರಾಂ, ಒಸಾಕಾ ಕಡೆಯದು 260 ಗ್ರಾಂ. ಕಾರಣ ಸ್ನಾನದ ರೂಢಿಯಲ್ಲಿದೆ. ಒಸಾಕಾ, ಕ್ಯೋಟೊದಲ್ಲಿ ತೊಟ್ಟಿ ಕೋಣೆಯ ನಡುವೆ ಇರುತ್ತದೆ. ಜನ ತೊಟ್ಟಿಯಿಂದಲೇ ನೀರು ಮೊಗೆದು ಮೈಮೇಲೆ ಸುರಿದುಕೊಳ್ಳುತ್ತಾರೆ. ದೊಡ್ಡ ಬಕೆಟ್ಟಾದರೆ ಭಾರ. ಟೋಕಿಯೊದಲ್ಲಿ ತೊಟ್ಟಿ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತದೆ. ಬಕೆಟ್ಟಿಗೆ ನಲ್ಲಿಯ ನೀರು. ಕ್ಯೋಟೊಗೆ ಹೋದವರು ದೇವಾಲಯಗಳ ಜೊತೆಗೆ 1923ರ ಫುನಾಓಕಾ ಒನ್ಸೆನ್ ನೋಡಬೇಕು. ಹೆಸರಿಗೆ ಒನ್ಸೆನ್ ಆದರೂ ಅದು ಸೆಂತೊ. ಮರದ ಕೆತ್ತನೆ, ಬಣ್ಣದ ಹೆಂಚುಬಿಲ್ಲೆಗಳ ನಡುವೆ ಮಿಂದು ಬರಬಹುದು. ಟೋಕಿಯೊದಲ್ಲೇ ಅಚ್ಚರಿ ಬೇಕೆಂದರೆ ಓತಾ ವಾರ್ಡಿನ ಕಾಮಾತಾಕ್ಕೆ ಹೋಗಿ. ಅಲ್ಲಿ ನೆಲದಡಿಯಿಂದ ಬರುವ ನೀರು ಡಿಕಾಕ್ಷನ್ನಿನಷ್ಟು ಕಪ್ಪು. ಯಾವುದೋ ಕಾಲದಲ್ಲಿ ಹೂತ ಗಿಡಮರಗಳ ಅಂಶ ಕರಗಿದ ನೀರದು. ಮುಳುಗಿಸಿದ ಕೈ ಕಣ್ಣಿಗೆ ಕಾಣುವುದಿಲ್ಲ, ಚರ್ಮ ನುಣುಪಾಗುತ್ತದೆ. ಅದಕ್ಕೂ ಅದೇ 550 ಯೆನ್.

ನಮ್ಮವರಿಗೆ ದೊಡ್ಡ ಅಡ್ಡಿ ಸಂಕೋಚ. ಪರಿಚಯವಿಲ್ಲದವರ ಎದುರು ಬತ್ತಲೆ ನಿಲ್ಲುವುದು ನಾವು ಬೆಳೆದ ರೀತಿಯಲ್ಲಿ ಇಲ್ಲ. ಹೊಳೆಯಲ್ಲಿ ಮಿಂದರೂ ಸೊಂಟಕ್ಕೆ ಪಂಚೆ ಇರುತ್ತದೆ. ಈ ಸಂಕೋಚವನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಸ್ನಾನದ ಸುಖ ಗೊತ್ತಿಲ್ಲದ ಜನವಂತೂ ನಾವಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆ ತಿಕ್ಕಿ, ಪೂಜೆ ಮಾಡಿ, ಮಾರನೆಯ ಬೆಳಗ್ಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿ ಬಿಸಿ ಎರೆಸಿಕೊಂಡವರಿಗೆ ಬಿಸಿನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಸೆಂತೊದಲ್ಲಿ ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಸಣ್ಣ ಟವೆಲನ್ನು ಮುಂದೆ ಹಿಡಿದು ಓಡಾಡುವುದು ಅಲ್ಲಿನವರಿಗೂ ರೂಢಿ. ಮೊದಲ ಕೆಲವು ನಿಮಿಷ ಕಳೆದರೆ ಗಮನವೆಲ್ಲ ನೀರಿನ ಬಿಸಿಯ ಮೇಲೇ ಇರುತ್ತದೆ.

ಸಂಕೋಚ ಕಳೆದ ಮೇಲೆ ಸಿಗುವುದಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಕಚೇರಿಯಲ್ಲಿ ವಿದೇಶಿ ಕೆಲಸಗಾರ ಸದಾ ಅತಿಥಿ. ಅವನ ಭಾಷೆಯ ತಪ್ಪನ್ನು ಮನ್ನಿಸುತ್ತಾರೆ, ಊಟದ ಪಥ್ಯ ವಿಚಾರಿಸುತ್ತಾರೆ, ಆದರೆ ಒಳಗಿನವನೆಂದು ಎಣಿಸಲು ವರ್ಷಗಳು ಹಿಡಿಯುತ್ತವೆ. ಸೆಂತೊದಲ್ಲಿ ನಿಯಮ ತಿಳಿದು ನಡೆದವನು ಒಳಗಿನವನೇ. ಬಾಗಿಲು ತೆರೆಯುವ ಹೊತ್ತಿಗೇ ಕಾದು ನಿಂತು ಮೊದಲ ನೀರಿಗಿಳಿಯುವ ಹಿರಿಯರು, ರಾತ್ರಿ ಹತ್ತರ ಮೇಲೆ ಬರುವ ಹೋಟೆಲ್ ಅಡುಗೆಯವರು, ವೃದ್ಧಾಶ್ರಮದ ಪಾಳಿ ಮುಗಿಸಿ ಬರುವ ನೇಪಾಳದ ಹುಡುಗರು, ಎಲ್ಲರೂ ಸಾಲಾಗಿ ಅದೇ ಕುಳ್ಳ ಮಣೆಗಳ ಮೇಲೆ ಕೂರುತ್ತಾರೆ. ಮಾತು ಹೆಚ್ಚಿಲ್ಲ. ಮೊದಲು ಏಳುವವರು ‘ಒಸಾಕಿನಿ’ ಎನ್ನುತ್ತಾರೆ, ನಾನು ಮುಂದೆ ಹೊರಟೆ ಎಂದು. ಹೊರಡುವಾಗ ಗಲ್ಲೆಯ ಅಜ್ಜಿ ‘ಒಯಾಸುಮಿನಾಸಾಯ್’ ಎಂದು ಶುಭರಾತ್ರಿ ಹೇಳುತ್ತಾಳೆ. ಈ ಎರಡು ಮಾತಿನಿಂದ ಶುರುವಾದದ್ದು ಬೆಳೆಯುತ್ತದೆ. ಊರಿಗೆ ಹೋಗಿ ಕೆಲವು ವಾರ ಕಾಣದಿದ್ದರೆ ಆಕೆ ‘ತಾಯಿ ಚೆನ್ನಾಗಿದ್ದಾರಾ?’ ಎಂದು ಕೇಳುತ್ತಾಳೆ. ಪಕ್ಕದ ನಲ್ಲಿಯ ಹಿರಿಯರು ಕಸ ಹಾಕುವ ದಿನದಿಂದ ಹಿಡಿದು ಒಳ್ಳೆಯ ಹಲ್ಲಿನ ವೈದ್ಯರವರೆಗೆ ತಿಳಿಸಿಕೊಡುತ್ತಾರೆ. ಮಿಂದು ಬಂದು ಗಾಜಿನ ಬಾಟಲಿಯ ತಣ್ಣನೆಯ ಕಾಫಿ ಹಾಲು ಕುಡಿಯುತ್ತ ಕೂತಾಗ ಕಲಿತಷ್ಟು ಬಳಕೆಯ ಜಪಾನಿಯನ್ನು ನನಗೆ ಯಾವ ತರಗತಿಯೂ ಕಲಿಸಿಲ್ಲ.

ಆದರೆ ಇಂಥ ಸ್ನಾನದ ಮನೆಗಳು ಮುಚ್ಚುತ್ತಿವೆ. 1968ರ ಹೊತ್ತಿಗೆ ದೇಶದಲ್ಲಿ ಸುಮಾರು 18,000 ಸೆಂತೊಗಳಿದ್ದವು, ಟೋಕಿಯೊ ಒಂದರಲ್ಲೇ 2,600ಕ್ಕೂ ಹೆಚ್ಚು. ಈಗ ದೇಶದಲ್ಲಿ 2,000ಕ್ಕಿಂತ ಕಡಿಮೆ, ಟೋಕಿಯೊದಲ್ಲಿ 450ಕ್ಕಿಂತ ಕಡಿಮೆ. ಮನೆಮನೆಗೂ ಬಚ್ಚಲು ಬಂತು. ಗ್ಯಾಸು, ಎಣ್ಣೆಯ ಬೆಲೆ ಏರಿತು. ಬಾಯ್ಲರ್ ಕೆಟ್ಟರೆ ಹೊಸದಕ್ಕೆ ದೊಡ್ಡ ದುಡ್ಡು ಬೇಕು, ಅದನ್ನು ಹಾಕಿಸಿ ಮುಂದುವರಿಸಲು ಮಕ್ಕಳಿಗೆ ಮನಸ್ಸಿಲ್ಲ. ಸೆಂತೊಗಳ ರಾಜ ಎನಿಸಿಕೊಂಡಿದ್ದ ಕಿತಾಸೆಂಜುವಿನ ದಾಯ್ಕೊಕುಯು, 1929ರ ಕಟ್ಟಡ, 2021ರ ಜೂನ್‌ನಲ್ಲಿ ಬಾಗಿಲು ಹಾಕಿತು. ಬೇಡಿಕೆ ಸತ್ತಿದೆ ಎಂದಲ್ಲ. 2024ರ ಜನವರಿ 1ರಂದು ನೋಟೊ ಭೂಕಂಪವಾದಾಗ, ನಲ್ಲಿಯಲ್ಲಿ ನೀರಿಲ್ಲದ ಸುಜು ಪಟ್ಟಣದಲ್ಲಿ ಅಮಿದಾಯು ಎಂಬ ಸೆಂತೊ ಅದೇ ತಿಂಗಳು ಮತ್ತೆ ನೀರು ಕಾಯಿಸಿತು. ಮನೆ ಕಳೆದುಕೊಂಡವರು ಅಲ್ಲಿ ಮೈ ತೊಳೆದುಕೊಂಡರು. ಕೇರಿಗೆ ಸೆಂತೊ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ದರ ಏರಿಸಲಾಗದ ವ್ಯಾಪಾರವನ್ನು ಉಳಿಸುವುದು ಗಿರಾಕಿಗಳ ಸಂಖ್ಯೆ ಮಾತ್ರ. ಕ್ಯಾಮೆರಾ ಹಿಡಿದು ಒಮ್ಮೆ ಬಂದು ಹೋಗುವವರಿಂದ ಅದು ಸಾಧ್ಯವಿಲ್ಲ, ಒಳಗೆ ಕ್ಯಾಮೆರಾಕ್ಕೆ ಜಾಗವೂ ಇಲ್ಲ. ವಾರ ವಾರ ಬರುವ ನೆರೆಯವರು ಬೇಕು, ಆ ನೆರೆಯವರಲ್ಲಿ ಈಗ ನಾವೂ ಇದ್ದೇವೆ. ಜಪಾನಿನಲ್ಲಿ ದುಡಿಯುತ್ತಿರುವ ಕನ್ನಡದ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೆ. ಹೆಸರಾಂತ ಸೆಂತೊಗಳನ್ನು ಹುಡುಕಿಕೊಂಡು ಅಲೆಯುವುದು ಆಮೇಲಿರಲಿ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಯಾವುದಿದೆಯೋ ನೋಡಿಕೊಳ್ಳಿ. ವಾರದಲ್ಲಿ ಒಂದು ಸಂಜೆ ಗೊತ್ತುಮಾಡಿ. ಹತ್ತು ಟಿಕೆಟ್ಟಿನ ಪುಸ್ತಕ ಕೊಂಡುಕೊಳ್ಳಿ, ಅದು ಮುಗಿಯುವವರೆಗೆ ಅದೇ ಸೆಂತೊಗೆ, ಅದೇ ಹೊತ್ತಿಗೆ ಹೋಗಿ. ಆಮೇಲೆ ಬಿಡುವ ಮನಸ್ಸಾದರೆ ಬಿಡಿ. ಬಿಟ್ಟವರನ್ನು ನಾನಂತೂ ಕಂಡಿಲ್ಲ.